ಮೊಹಾವುನ ಗಾಳದ ಕೋಲು

ಮೊಹಾವುನ ಹೆಂಡತಿಯನ್ನು ಕಟ್ಟಿಕೊಂಡಾಗ ಲೆಫಾನ ಮನೆಗೆ ಒಬ್ಬ ಮಗಳೂ ಬಂದಳು, ಒಂದು ಗಾಳದ ಕೋಲೂ ಬಂತು. ಎರಡೂ ಅವನವಾಗಲಿಲ್ಲ.

ಮಗಳ ಹೆಸರು ಮೊಸಾ, ವಯಸ್ಸು ಹನ್ನೆರಡು. ಅವಳ ಅಪ್ಪ ಮೊಹಾವು ಉಕ್ಕಿನ ಕಾರ್ಖಾನೆಯ ಕುಲುಮೆ ಮುಂದೆ ದುಡಿದು ದುಡಿದು, ಎದೆ ಕೆಟ್ಟು ಸತ್ತಿದ್ದ. ಅವನ ಹೆಂಡತಿ ಪುಲೆಂಗ್ ಒಂದು ವರ್ಷ ಶೋಕದ ಕರಿ ಬಟ್ಟೆ ಉಟ್ಟಳು. ಅದನ್ನು ಬಿಚ್ಚಿದ ಚಳಿಗಾಲದಲ್ಲೇ ಬ್ರೆಡ್ಡಿನ ವ್ಯಾನು ಓಡಿಸುವ ಲೆಫಾನನ್ನು ಮದುವೆಯಾದಳು. ಬೀದಿಯವರು ಆಡಿಕೊಂಡರು. ಆದರೆ ಲೆಫಾ ಕೆಟ್ಟವನು ಎಂದು ಯಾರೂ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಬೆಳಗಾದರೆ ಹುಡುಗಿಯ ಶಾಲೆಯ ಅಂಗಿಗೆ ಇಸ್ತ್ರಿ ಹಾಕುವವನು ಅವನು. ಬೂಟಿಗೆ ಪಾಲಿಶ್ ತಿಕ್ಕುವವನು ಅವನು. ವ್ಯಾನಿನಿಂದ ಬಿಸಿಬಿಸಿ ಬ್ರೆಡ್ಡು ತಂದು, ಅದರ ಗರಿಗರಿ ತುದಿಯನ್ನು ಮುರಿದು ಅವಳ ಡಬ್ಬಿಗೆ ಹಾಕುವವನೂ ಅವನೇ. ಹುಡುಗಿ ತಿನ್ನುತ್ತಿದ್ದಳು. "ಥ್ಯಾಂಕ್ಸ್ ಮಾಮ" ಅನ್ನುತ್ತಿದ್ದಳು.

ಮಾಮ. ಎರಡು ವರ್ಷವೂ ಮಾಮ. ಒಂದು ಸಲ ಶಾಲೆಯ ಗೇಟಿನಲ್ಲಿ ಮೇಷ್ಟ್ರು, "ಇವರು ನಿಮ್ಮಪ್ಪನಾ?" ಎಂದು ಕೇಳಿದ್ದಕ್ಕೆ, "ಅಲ್ಲ ಸರ್, ನಮ್ಮಮ್ಮನ ಗಂಡ" ಎಂದಿದ್ದಳು. ಆ ಮಾತು ಲೆಫಾನಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಮಾಂಸದ ಚೂರಿನ ಹಾಗಾಗಿತ್ತು. ಎಷ್ಟು ನಾಲಿಗೆ ಆಡಿಸಿದರೂ ಬಿಡಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ ಒಂದು ಮಾತು. ಒಂದು ಸಲ ಅಪ್ಪ ಅನ್ನಿಸಿಕೊಳ್ಳಬೇಕು.

ಅದಕ್ಕೇ ಗಾಳ ಹಿಡಿದ. ಹುಟ್ಟಿದಾಗಿನಿಂದ ಗಾಳ ಮುಟ್ಟಿದವನಲ್ಲ. ಮೊಹಾವು ಇದ್ದಾಗ ಪ್ರತಿ ತಿಂಗಳ ಕೊನೆಗೆ ಮಗಳನ್ನು ಕರೆದುಕೊಂಡು ವಾಲ್ ನದಿಯ ದಂಡೆಗೆ ಹೋಗುತ್ತಿದ್ದ, ಡೇರೆ ಹೊಡೆದು ಎರಡು ದಿನ ಅಲ್ಲೇ ಇರುತ್ತಿದ್ದ. ಆ ದಂಡೆಯಲ್ಲಿ ಅವನು ಹಿಡಿದಷ್ಟು ದೊಡ್ಡ ಗೆಂಡೆ ಮೀನು ಇನ್ಯಾರೂ ಹಿಡಿದಿಲ್ಲ. ಲೆಫಾನೂ ಒಂದು ಕೆಂಪು ಕೋಲು ಕೊಂಡ, ಡೇರೆ ಕೊಂಡ, ಪಿಕಪ್ ಗಾಡಿಯಲ್ಲಿ ಹೆಂಡತಿ ಮಗಳನ್ನು ಕೂರಿಸಿಕೊಂಡು ಅದೇ ದಂಡೆಗೆ ಹೊರಟ. ಹುಡುಗಿ ಕುಣಿದಾಡಿಕೊಂಡು ಬಂದಳು. ಆದರೆ ಪ್ರತಿ ಸಲವೂ ಅವಳ ತೊಡೆಯ ಮೇಲೆ ಅವಳಪ್ಪನ ಹಳೆಯ ಹಳದಿ ಫೈಬರ್ ಕೋಲು ಇರುತ್ತಿತ್ತು. ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದ, ಗಾಳದ ದಾರ ತೂರುವ ಉಂಗುರಗಳನ್ನು ಕೆಂಪು ದಾರದಲ್ಲಿ ಬಿಗಿದಿದ್ದ ಕೋಲು. ಅದರಲ್ಲಿ ಅವಳು ಗಾಳ ಎಸೆಯುತ್ತಿರಲಿಲ್ಲ. ಪಕ್ಕದಲ್ಲಿ ಮಲಗಿಸಿಕೊಂಡು ಕೂರುತ್ತಿದ್ದಳು, ಅಷ್ಟೇ.

ಆ ದಂಡೆಯಲ್ಲಿ ಒಂದು ಕಟ್ಟಳೆ ಇತ್ತು. ಶನಿವಾರ ಗಾಳ ಹಾಕುವವರೆಲ್ಲ ಸೇರಿ ಒಂದು ಕುರಿತಲೆ ತರಿಸುತ್ತಿದ್ದರು. ಹಿಡಿದ ಮೀನನ್ನು ನೀರೊಳಗೆ ಇಳಿಬಿಟ್ಟ ಬಲೆಚೀಲದಲ್ಲಿ ಜೀವಂತ ಇಟ್ಟು, ಮಧ್ಯಾಹ್ನ ತೂಗಿ, ಮತ್ತೆ ಹೊಳೆಗೆ ಬಿಡುವುದು. ಯಾರ ಮೀನು ದೊಡ್ಡದೋ ಅವನಿಗೆ ತಲೆಯ ನಾಲಿಗೆ. ಯಾರ ಚೀಲ ಖಾಲಿಯೋ ಅವನು ಆ ತಲೆಯನ್ನು ಬೆಂಕಿಯಲ್ಲಿ ಸುಟ್ಟು, ಕೂದಲು ಹೆರೆದು ಕೊಡಬೇಕು. ಲೆಫಾ ಹೋದಾಗಲೆಲ್ಲ ಹೆರೆದ.

"ಏನೋ ಲೆಫಾ, ಮೀನು ಹಿಡಿಯೋಕೆ ಬರ್ತೀಯೋ, ಮೀನಿಗೆ ಊಟ ಹಾಕೋಕೆ ಬರ್ತೀಯೋ?" ಎಂದು ಕೇಳುತ್ತಿದ್ದವನು ರಂಪಾಯಿ. ದಂಡೆಗೆಲ್ಲ ಹಿರಿಯ, ಬಾಯಿ ಮಾತ್ರ ಚರಂಡಿ. "ಮೊಹಾವುನ ಹೆಂಡತಿ ಸಿಕ್ಕಿದಳು, ಮೊಹಾವುನ ಮಂಚ ಸಿಕ್ತು. ಮೊಹಾವುನ ಮೀನು ಮಾತ್ರ ನಿಂಗೆ ಸಿಗಲ್ಲ ಬಿಡು."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪುಲೆಂಗ್ ಕೂಡ ತುಟಿ ಕಚ್ಚಿ ನಗು ನುಂಗುತ್ತಿದ್ದಳು. ಮೊಸಾ ಮಾತ್ರ ನಗುತ್ತಿರಲಿಲ್ಲ. ಮಸಿ ಮೆತ್ತಿದ ಕೈಯಲ್ಲಿ ಕುರಿಯ ಕಿವಿ ಹಿಡಿದು ಹೆರೆಯುತ್ತಿದ್ದ ಲೆಫಾನನ್ನು ನೋಡುತ್ತ ಕೂತಿರುತ್ತಿದ್ದಳು.

ಒಂದು ತಿಂಗಳ ಕೊನೆಯ ಶುಕ್ರವಾರ ಸಂಜೆ, ಡೇರೆಯ ಗೂಟ ಹೊಡೆಯುತ್ತಿದ್ದ ಲೆಫಾನ ಪಕ್ಕ ಮೊಸಾ ಬಂದು ನಿಂತಳು.

"ಮಾಮ, ನಾಳೆ ನೀನು ತಲೆ ಹೆರೆಯೋದು ಬೇಡ."

"ನಾನಲ್ಲದೆ ಇನ್ಯಾರು ಹೆರೀತಾರೆ, ನಿಮ್ಮಜ್ಜಿನಾ?"

"ಅಪ್ಪ ಗಾಳಕ್ಕೆ ಎರೆ ಹೆಂಗೆ ಮಾಡ್ತಿದ್ರು ಅಂತ ನಂಗೊತ್ತು. ಯಾರಿಗೂ ಹೇಳಿಲ್ಲ. ಅಮ್ಮನಿಗೂ ಹೇಳಿಲ್ಲ."

ಲೆಫಾನ ಕೈಯಲ್ಲಿದ್ದ ಸುತ್ತಿಗೆ ಅಲ್ಲೇ ನಿಂತಿತು. ಆ ದಂಡೆಯಲ್ಲಿ ಹೆಂಡತಿಯ ಗುಟ್ಟಾದರೂ ಬಾಯಿಬಿಟ್ಟಾರು, ಎರೆಯ ಗುಟ್ಟನ್ನು ಯಾರೂ ಬಿಡುವುದಿಲ್ಲ. ಕೇಳಿದರೆ ಒಬ್ಬೊಬ್ಬನೂ ಒಂದೊಂದು ಸುಳ್ಳು ಹೇಳುತ್ತಾನೆ.

ಹುಡುಗಿ ಒಲೆಯ ಮುಂದೆ ಕೂತು ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿ ಮುದ್ದೆ ಮಾಡಿದಳು. ಕಸ್ಟರ್ಡ್ ಪುಡಿ ಹಾಕಿದಳು. ನೆನೆಸಿ ಅರೆದ ಸೋಂಪು ಹಾಕಿದಳು. ಕೊಳೆತ ಬಾಳೆಹಣ್ಣು ಹಿಸುಕಿ ಕಲಸಿ, ಒದ್ದೆ ಬಟ್ಟೆ ಮುಚ್ಚಿಟ್ಟಳು. ಆಮೇಲೆ ಪಿಸುಮಾತಿನಲ್ಲಿ, "ಇನ್ನೊಂದಿದೆ ಮಾಮ. ಉಂಡೆ ಕಟ್ಟೋಕೆ ಮುಂಚೆ ಕೈಗೆ ಹೊಳೆ ಕೆಸರು ಉಜ್ಜಿಕೋಬೇಕು. ಚೆನ್ನಾಗಿ, ಬೆರಳ ಸಂದೀಲೂ. ಸಾಬೂನು ಹಾಕ್ಬಾರ್ದು. ಅಪ್ಪ ಅದನ್ನ ಒಂದಿನಾನೂ ಬಿಡ್ತಿರಲಿಲ್ಲ" ಎಂದಳು.

"ಆಯ್ತು ಕಣಮ್ಮ" ಎಂದ ಲೆಫಾ. ಇಷ್ಟು ಕೊಟ್ಟವಳು ಇನ್ನೊಂದು ಮಾತು ಕೊಡದೆ ಇರುತ್ತಾಳೆಯೇ ಎಂದುಕೊಂಡ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದ. ಮಗಳು ಏಳುವಷ್ಟರಲ್ಲಿ ಚಹಾ ಆಗಿರಲಿ ಎಂದು ಸ್ಟೌವಿಗೆ ಸೀಮೆಎಣ್ಣೆ ಸುರಿದ. ಒಂದಿಷ್ಟು ಕೈಮೇಲೆ ಚೆಲ್ಲಿತು. ಪ್ಯಾಂಟಿಗೆ ಒರೆಸಿಕೊಂಡ. ಚಹಾ ಕಾಯಿಸಿ, ಸಕ್ಕರೆ ಜಾಸ್ತಿ ಹಾಕಿ, ಲೋಟವನ್ನು ಅವಳ ತಲೆಯ ಹತ್ತಿರ ಇಟ್ಟು, ಎರೆಯ ಬೋಗುಣಿ ಹಿಡಿದು ನೀರಿಗೆ ಹೋದ. ಕೆಸರಿನ ಮಾತು ನೆನಪಿರಲಿಲ್ಲ ಎಂದಲ್ಲ. ನೆನಪಿತ್ತು. ಕಾಲ ಕೆಳಗೇ ಕೆಸರಿತ್ತು, ಬಗ್ಗಿದರೆ ಸಿಗುತ್ತಿತ್ತು. ಆದರೆ ಅವನಿಗೆ ಯಾಕೋ ಉರಿಯಿತು. ಮೊಹಾವುನ ಮುದ್ದೆ, ಮೊಹಾವುನ ಸೋಂಪು, ಮೊಹಾವುನ ಜಾಗ, ಈಗ ಅವನ ಹಾಗೆ ಕೈಯನ್ನೂ ತೊಳೆಯಬೇಕಾ? ಸತ್ತವನ ಮಡಿ ನನಗ್ಯಾಕೆ ಎಂದುಕೊಂಡು ಉಂಡೆ ಕಟ್ಟಿದ, ಸಾಲಾಗಿ ತಗಡಿನ ಮೇಲೆ ಇಟ್ಟ, ಗಾಳ ಎಸೆದ.

ಒಂದು ಮೀನೂ ಮುಟ್ಟಲಿಲ್ಲ.

ರಂಪಾಯಿಗೆ ಮೂರು ಸಿಕ್ಕವು. ಪಕ್ಕದ ಡೇರೆಯ ಮೊಖೆಲೆಗೆ, ಅವನು ಕುಡಿದು ಮಲಗಿದ್ದಾಗಲೇ ಒಂದು ಸಿಕ್ಕಿತು. ಲೆಫಾನ ಪಕ್ಕ ಕೂತಿದ್ದ ಮೊಸಾ ಮೊದಮೊದಲು ದಾರ ನೋಡುತ್ತಿದ್ದವಳು ಆಮೇಲೆ ಅವನ ಮುಖ ನೋಡತೊಡಗಿದಳು. ಬಿಸಿಲು ನೆತ್ತಿಗೆ ಬಂತು. ರಂಪಾಯಿ ಕುರಿತಲೆಯನ್ನು ಕೊಂಬು ಹಿಡಿದು ತಂದು ಲೆಫಾನ ಕಾಲ ಬುಡದಲ್ಲಿ ದೊಪ್ಪೆಂದು ಹಾಕಿದ.

"ತಗೊಳ್ಳಪ್ಪ, ನಿನ್ನ ನೆಂಟ ಬಂದ."

"ಇವತ್ತು ಎರೆ ಮಾಡಿಕೊಟ್ಟದ್ದು ಮಗಳಂತೆ!" ಎಂದ ಮೊಖೆಲೆ. ಪುಲೆಂಗ್ ಆಗಲೇ ದಂಡೆಗೆಲ್ಲ ಹೇಳಿಕೊಂಡು ಬಂದಿದ್ದಳು.

ರಂಪಾಯಿ ಬಾಯಿ ಚಪ್ಪರಿಸಿದ. "ಓಹೋ! ಅದಕ್ಕೇ ಮತ್ತೆ. ಮೊಹಾವುನ ರಕ್ತ ಕಣಯ್ಯಾ ಅದು, ನಿಂಗೆ ಕೊಡುತ್ತಾ? ನಾಯಿಗೆ ಹಾಕೋ ಮುದ್ದೆ ಕಲಸಿ ಕೊಟ್ಟಿದೆ. ಹುಡುಗಿ ಕೈಲಿ ಕತ್ತೆಯಾದೆಯಲ್ಲೋ!"

ದಂಡೆಗೆ ದಂಡೆಯೇ ನಕ್ಕಿತು. ಲೆಫಾ ಎದ್ದು ನಿಂತ.

"ಮೊಸಾ, ನಿಜ ಹೇಳು. ಏನು ಮುಚ್ಚಿಟ್ಟೆ?"

"ಏನೂ ಇಲ್ಲ ಮಾಮ. ಎಲ್ಲಾ ಹೇಳಿದೀನಿ. ಕೈಗೆ ಕೆಸರು ಉಜ್ಜಿಕೊಂಡ್ಯಾ?"

ನಗು ಇನ್ನೂ ಜೋರಾಯಿತು. "ಕೆಸರಂತೆ! ಮುಖಕ್ಕೂ ಬಳ್ಕೋ ಅಂತ ಹೇಳಲಿಲ್ವೇನಮ್ಮಾ?" ಎಂದು ರಂಪಾಯಿ ತೊಡೆ ಬಡಿದುಕೊಂಡ.

ಲೆಫಾನಿಗೆ ಹುಡುಗಿಯ ಮುಖ ಕಾಣಲಿಲ್ಲ. ಮೊಹಾವುನ ಮುಖ ಕಂಡಿತು. ಬಗ್ಗಿ ಅವಳ ಪಕ್ಕದಲ್ಲಿದ್ದ ಹಳದಿ ಕೋಲನ್ನು ಎತ್ತಿಕೊಂಡ. ಎರಡು ವರ್ಷದಲ್ಲಿ ಅದನ್ನು ಮುಟ್ಟಿದ್ದು ಅದೇ ಮೊದಲು.

"ಮಾಮ, ಅದು ಬೇಡ."

"ಮಾಮ ಅಲ್ಲ. ಅಪ್ಪ ಅನ್ನು. ಎಲ್ಲರ ಮುಂದೆ ಅನ್ನು, ವಾಪಸ್ ಕೊಡ್ತೀನಿ."

ಹುಡುಗಿ ತಾಯಿಯ ಕಡೆ ನೋಡಿದಳು. ಪುಲೆಂಗ್ ಈರುಳ್ಳಿ ಹೆಚ್ಚುತ್ತಿದ್ದಳು, ಕತ್ತಿ ಕೆಳಗಿಡಲಿಲ್ಲ. "ಹೇಳಿಬಿಡೇ, ಏನು ಗಂಟು ಹೋಗುತ್ತೆ? ನಿಂಗೆ ಅನ್ನ ಹಾಕ್ತಿರೋನು ಯಾರು, ಸ್ಮಶಾನದಲ್ಲಿ ಮಲಗಿರೋನಾ?" ಎಂದಳು.

ಆಗಲೂ ಹುಡುಗಿ ಅಪ್ಪ ಅನ್ನಲಿಲ್ಲ. ಲೆಫಾ ಕೋಲನ್ನು ಮೊಣಕಾಲಿಗೆ ಕೊಟ್ಟು ಬಗ್ಗಿಸಿದ. ಫೈಬರ್ ಕೋಲು ಕಟ್ಟಿಗೆಯ ಹಾಗೆ ಮುರಿಯುವುದಿಲ್ಲ. ಸೀಳಿತು, ಮೂಳೆಯ ಹಾಗೆ ಲಟಲಟ ಎಂದಿತು, ಅಂಗೈಗೆ ಸಿಬಿರು ಚುಚ್ಚಿತು. ಕುರಿತಲೆ ಸುಡಲು ಹಚ್ಚಿದ್ದ ಬೆಂಕಿಗೆ ಅದನ್ನು ಹಾಕಿದ. ಕೆಂಪು ದಾರ ಮೊದಲು ಹೊತ್ತಿಕೊಂಡಿತು.

"ಅಪ್ಪಾ!" ಎಂದಳು ಮೊಸಾ. ಅವನನ್ನೇ ನೋಡಿಕೊಂಡು ಅಂದಳು. "ಅಪ್ಪಾ, ತೆಗಿ ಅಪ್ಪಾ! ಅಂದೆನಲ್ಲಾ, ತೆಗಿ!"

ತೆಗೆಯಬಹುದಿತ್ತು. ಹಿಡಿಯ ಕಡೆ ಇನ್ನೂ ಬೆಂಕಿ ಮುಟ್ಟಿರಲಿಲ್ಲ. ಆದರೆ ಎಲ್ಲರೂ ನೋಡುತ್ತಿದ್ದರು. ಲೆಫಾ ಕೈ ಚಾಚಲಿಲ್ಲ. ಸೈಕಲ್ ಟ್ಯೂಬು ಕರಗಿ ಕರಿ ಹೊಗೆ ಎದ್ದಿತು. ಅದೇ ಬೆಂಕಿಯ ಮೇಲೆ ಅವನು ಕುರಿತಲೆ ಹಿಡಿದ.

ಊಟದ ಹೊತ್ತಿಗೆ ರಂಪಾಯಿಯ ಎರೆ ಮುಗಿದಿತ್ತು. "ಆ ನಾಯಿಮುದ್ದೆ ಎಲ್ಲಿ, ಕೊಡಿ ಒಂದು ಕೈ ನೋಡೋಣ" ಎಂದು ಬೋಗುಣಿಯ ತಳದಲ್ಲಿ ಉಳಿದಿದ್ದದ್ದನ್ನು ಕೆರೆದುಕೊಂಡ. ಗಾಳ ಎಸೆದು ಪೈಪು ತುಂಬಿಸಿಕೊಳ್ಳುವಷ್ಟರಲ್ಲಿ ಕೋಲು ಬಾಗಿ ನೀರಿಗೆ ತಾಗಿತು. ಆ ವರ್ಷ ಆ ದಂಡೆಯಲ್ಲಿ ಅಂಥ ಗೆಂಡೆಯನ್ನು ಯಾರೂ ನೋಡಿರಲಿಲ್ಲ. ಇಬ್ಬರು ಹಿಡಿದು ಎತ್ತಬೇಕಾಯಿತು.

ರಂಪಾಯಿ ತಗಡಿನ ಮೇಲೆ ಲೆಫಾ ಕಟ್ಟಿಟ್ಟಿದ್ದ ಉಂಡೆಯೊಂದನ್ನು ತೆಗೆದು ಮೂಸಿದ. ಮುಖ ಕಿವುಚಿದ.

"ಥೂ, ಸೀಮೆಎಣ್ಣೆ! ಅಯ್ಯೋ ಹೆಣವೇ, ಹುಡುಗಿ ಸರಿಯಾಗೇ ಹೇಳಿದ್ದಾಳಲ್ಲೋ. ಇದನ್ನ ಮೀನು ತಿಂತದಾ, ನೀನೇ ತಿನ್ನು!"

ಈ ಸಲ ಯಾರೂ ನಗಲಿಲ್ಲ. ಲೆಫಾ ಬೆರಳು ಮೂಗಿಗೆ ಹಿಡಿದ. ಸುಟ್ಟ ಕೂದಲಿನ ವಾಸನೆಯ ಅಡಿಯಲ್ಲಿ ಬೆಳಗಿನ ಸ್ಟೌವಿನ ವಾಸನೆ ಇನ್ನೂ ಇತ್ತು. ಮೊಸಾ ಬೂದಿಯ ಹತ್ತಿರ ಕೂತು ಕಡ್ಡಿಯಿಂದ ಕೆದಕಿ ಕಬ್ಬಿಣದ ಉಂಗುರಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ಅವನು ಹತ್ತಿರ ಹೋಗಿ ನಿಂತ. ತಲೆಯೆತ್ತದೆ ಅವಳೇ ಕೇಳಿದಳು:

"ತಲೆ ಬೆಂದಿದೆಯಾ ಅಪ್ಪ?"

ಸೋಮವಾರ ಬೆಳಗ್ಗೆ ಲೆಫಾ ಎಂದಿನ ಹಾಗೆ ಇಸ್ತ್ರಿ ಹಾಕಿದ. ಬೂಟು ತಿಕ್ಕಿದ. ಬ್ರೆಡ್ಡಿನ ತುದಿ ಮುರಿದ.

"ಥ್ಯಾಂಕ್ಸ್ ಅಪ್ಪ. ಚೀಲ ಕೊಡಿ ಅಪ್ಪ. ನಾನೇ ನಡೆದು ಹೋಗ್ತೀನಿ ಅಪ್ಪ."

ಬಾಗಿಲಲ್ಲಿ ನಿಂತ ಪುಲೆಂಗ್ ಪಕ್ಕದ ಮನೆಯವಳಿಗೆ ಕೇಳುವ ಹಾಗೆ, "ನೋಡಿ, ಕೊನೆಗೂ ದಾರಿಗೆ ಬಂದಳು" ಎಂದಳು. ಲೆಫಾ ಹುಡುಗಿಯ ಹಿಂದೆ ಬೀದಿಯವರೆಗೂ ಓಡಿದ.

"ಮೊಸಾ, ಮಾಮ ಅಂತಲೇ ಕರಿ ಮರಿ. ನಾನು ತಪ್ಪು ಮಾಡಿದೆ. ಮಾಮ ಅನ್ನು ಸಾಕು."

"ಇಲ್ಲ ಅಪ್ಪ" ಎಂದಳು ಅವಳು. "ಮಾಮ ಅಂದಿದ್ದಕ್ಕೇ ಅಲ್ವಾ ಸುಟ್ಟಿದ್ದು?"

ಮುಂದಿನ ತಿಂಗಳು ಲೆಫಾನಿಗೆ ದಂಡೆಗೆ ಹೋಗುವ ಮನಸ್ಸಿರಲಿಲ್ಲ. ಹೊರಡಿಸಿದವಳು ಮೊಸಾನೇ. ಅಲ್ಲಿ ಮತ್ತೆ ಅದೇ ಮುದ್ದೆ ಮಾಡಿದಳು, ಅದೇ ಸೋಂಪು ಹಾಕಿದಳು. ಬೆಳಗ್ಗೆ ಅವನನ್ನು ನೀರಿನ ಅಂಚಿನಲ್ಲಿ ಕೂರಿಸಿ, ಅವನ ಎರಡೂ ಕೈ ಹಿಡಿದು, ತಾನೇ ಕೆಸರು ಉಜ್ಜಿದಳು. ಅಂಗೈಯಲ್ಲಿ ಮಾಯುತ್ತಿದ್ದ ಸಿಬಿರಿನ ಗಾಯದ ಮೇಲೂ ಗಸಗಸ ಉಜ್ಜಿದಳು. ಅವನು ಹಲ್ಲು ಕಚ್ಚಿಕೊಂಡು ಕೂತ.

"ಬೆರಳು ಅಗಲಿಸಿ ಅಪ್ಪ. ಸಂದೀಲೂ ಉಜ್ಜಬೇಕು."

ಆ ದಿನ ಎಲ್ಲರಿಗಿಂತ ದೊಡ್ಡ ಗೆಂಡೆ ಲೆಫಾನದೇ. ಚೀಲ ಖಾಲಿಯಿದ್ದ ಮೊಖೆಲೆ ಗೊಣಗುತ್ತ ತಲೆ ಹೆರೆದ. ರಂಪಾಯಿ ಬೆನ್ನು ತಟ್ಟಿ, "ಮೊಹಾವುನ ಮೀನೂ ಸಿಕ್ಕಿಬಿಡ್ತಲ್ಲೋ ನಿಂಗೆ!" ಎಂದ. ಮೊಸಾ ಬೆಂದ ನಾಲಿಗೆಯನ್ನು ತೆಳ್ಳಗೆ ಕೊಯ್ದು, ಉಪ್ಪು ಉದುರಿಸಿ, ತಗಡಿನ ತಟ್ಟೆಯಲ್ಲಿ ತಂದು ಅವನ ಮುಂದೆ ಹಿಡಿದಳು.

"ತಿನ್ನಿ ಅಪ್ಪ."

ಲೆಫಾ ಒಂದು ಚೂರು ಬಾಯಿಗೆ ಹಾಕಿಕೊಂಡ. ಅಗಿದ. ನುಂಗಲು ಆಗಲಿಲ್ಲ, ಮತ್ತೆ ಅಗಿದ.

"ಚೆನ್ನಾಗಿದೆಯಾ ಅಪ್ಪ?"

"ಚೆನ್ನಾಗಿದೆ."

"ಪೂರ್ತಿ ತಿನ್ನಬೇಕು" ಎಂದು ಹುಡುಗಿ ತಟ್ಟೆ ಖಾಲಿಯಾಗುವವರೆಗೂ ಅಲ್ಲೇ ನಿಂತಿದ್ದಳು.