ಸಪ್ತಮಿಯ ಸಮುದ್ರ

ಟ್ಯಾಕ್ಸಿ ಮರಳಿನ ಅಂಚಿಗೆ ಬಂದು ನಿಂತಾಗ ಜಯಲಕ್ಷ್ಮಿ ಹಾಯಿಯನ್ನು ಕಂಬಕ್ಕೆ ಬಿಗಿಯುತ್ತಿದ್ದಳು. ಬಾಗಿಲಿಂದ ಮೊದಲು ಒಂದು ಕೊಡೆ ಹೊರಬಂತು, ಆಮೇಲೆ ಒಂದು ಬಿದಿರು ಬುಟ್ಟಿ, ಅದರ ಹಿಂದೆ ಗಂಡನ ಅಕ್ಕ ಶಾರದಮ್ಮ. ತಿರುಮಲ ಕೈಲಿದ್ದ ಹಗ್ಗ ಬಿಟ್ಟು ಎದ್ದು ನಿಂತ. ಅರವತ್ತೆರಡು ವರ್ಷವಾದರೂ ಅಕ್ಕನನ್ನು ಕಂಡೊಡನೆ ಪಂಚೆ ಸರಿಮಾಡಿಕೊಳ್ಳುವ ಅಭ್ಯಾಸ ಅವನಿಗೆ ಹೋಗಿರಲಿಲ್ಲ.

ತಪ್ಪು ಅವನದೇ. ಸೇತು ಯಾತ್ರೆ ಎಂದು ಮನೆಯಲ್ಲಿ ಹೇಳಿ, ಬೆಳಗ್ಗೆ ಐದಕ್ಕೆ ವೆಸ್ಟ್ ಮಾಂಬಲಂನ ಓಣಿಯಿಂದ ವ್ಯಾನು ಹೊರಡಿಸಿದ್ದರು. ಅದೊಂದು ಹಳೆಯ ಸ್ಕೂಲ್ ವ್ಯಾನು. ಗಿಂಡಿ ಬಡಾವಣೆಯ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ತಿರುಮಲ ಒಂದು ವರ್ಷ ಒದ್ದಾಡಿ ಅದರೊಳಗೆ ಮಂಚ, ಒಲೆ, ನೀರಿನ ತೊಟ್ಟಿ, ದೇವರ ಗೂಡು ಎಲ್ಲ ಕೂರಿಸಿದ್ದ. ರಾಮೇಶ್ವರದವರೆಗೆ ಕಡಲ ದಂಡೆ ಹಿಡಿದೇ ಹೋಗುವುದು, ಗಾಳಿ ಸಿಕ್ಕಿದಲ್ಲೆಲ್ಲ ಜಯಲಕ್ಷ್ಮಿ ಹಾಯಿಹಲಗೆಯನ್ನು ನೀರಿಗಿಳಿಸಿ ಅದರ ಮೇಲೆ ನಿಂತು ಸಾಗುವುದು ಎಂಬುದು ಗಂಡಹೆಂಡಿರ ಗುಟ್ಟು. ಊರ ಹೊರಗಿನ ಕೋವಲಂ ಮೊದಲ ನಿಲುಗಡೆ. ಹಲಗೆ, ಹಾಯಿ, ಕಂಬ ಎಲ್ಲವನ್ನೂ ಮೂರು ಮೂರು ಸಲ ನೋಡಿ ಏರಿಸಿದ್ದ ಪುಣ್ಯಾತ್ಮ, ಸ್ನಾನ ಮುಗಿಸಿ ಪೂಜೆಗೆ ಕೂತರೆ ದೇವರ ಗೂಡು ಖಾಲಿ. ಸಾಲಿಗ್ರಾಮದ ಸಂಪುಟ ಮನೆಯಲ್ಲೇ ಉಳಿದಿತ್ತು. ಪೂಜೆಯಾಗದೆ ಅವನ ಗಂಟಲಲ್ಲಿ ಕಾಫಿಯೂ ಇಳಿಯದು. ಹಿಂದೆಮುಂದೆ ನೋಡದೆ ಅಕ್ಕನಿಗೆ ಫೋನು ಮಾಡಿಬಿಟ್ಟಿದ್ದ.

"ಕಂಬ ಮರೀಲಿಲ್ಲ, ದೇವರನ್ನ ಮರೆತೆ," ಎಂದು ಶಾರದಮ್ಮ ಬುಟ್ಟಿ ಅವನ ಕೈಗಿತ್ತರು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ವ್ಯಾನಿನ ಗೂಡಿನಲ್ಲಿಟ್ಟು ಬಂದ. "ಇದೆಂಥ ನಾಟಕವೋ ತಿರುಮಲಾ? ವ್ಯಾನ್ ಮೇಲೆ ಕಟ್ಟಿದ್ದು ಮಂಚದ ಹಲಗೆ ಅಂದ್ಕೊಂಡಿದ್ದೆ ನಾನು."

ಆಮೇಲೆ ಅವರ ಕಣ್ಣು ಜಯಲಕ್ಷ್ಮಿಯ ಮೇಲೆ ಬಿತ್ತು. ಮೈಗಂಟಿದ ಕಪ್ಪು ಈಜುಡುಗೆ, ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಹಣೆಯಲ್ಲಿ ಕಾಸಿನಗಲ ಕುಂಕುಮ.

"ಇವತ್ತು ತಿಥಿ ಯಾವುದೇ ಜಯಾ?"

"ಸಪ್ತಮಿ, ಅಕ್ಕಾ."

"ಪರ್ವ ಅಲ್ಲದ ದಿನ ಸಮುದ್ರ ಮುಟ್ಟಬಾರದು ಅಂತ ನೀನು ಮನೆಗೆ ಬಂದ ವರ್ಷವೇ ಹೇಳಿದ್ದೆ. ಮರೆತೋಯ್ತಾ?"

ಮರೆತಿರಲಿಲ್ಲ. ಮೂವತ್ತಾರು ವರ್ಷ ಕಡಲಿಗೆ ಅರ್ಧ ಗಂಟೆಯ ದಾರಿಯಲ್ಲಿದ್ದೂ ಅಮಾವಾಸ್ಯೆ, ಹುಣ್ಣಿಮೆ, ಗ್ರಹಣ ಬಿಟ್ಟರೆ ಅವಳು ಅದರಲ್ಲಿ ಕಾಲಿಟ್ಟಿರಲಿಲ್ಲ. ಆಗಲೂ ಸಂಕಲ್ಪ, ಮೂರು ಮುಳುಗು, ಒದ್ದೆ ಸೀರೆ, ಆಟೋ. ಹೋದ ವರ್ಷ ಇದೇ ಕೋವಲಂನಲ್ಲಿ ಒಬ್ಬ ಹೆಂಗಸು ಹಾಯಿ ಹಿಡಿದು ನಿಂತ ನಿಲುವಿನಲ್ಲೇ ನೀರಿನ ಮೇಲೆ ಹಾಯ್ದು ಹೋಗುವುದನ್ನು ಕಂಡು ಅವಳ ನಿದ್ದೆ ಹಾರಿಹೋಯಿತು. ಆರು ತಿಂಗಳು, ವಾರಕ್ಕೆರಡು ದಿನ, ಹಲ್ಲಿನ ಡಾಕ್ಟರ ನೆಪ ಹೇಳಿ ಬಂದು ಕಲಿತಳು. ಆ ಲೆಕ್ಕದಲ್ಲಿ ಬಾಯಲ್ಲಿ ಒಂದು ಹಲ್ಲೂ ಉಳಿದಿರಬಾರದಿತ್ತು. ತಿರುಮಲ ಹಲಗೆ ಹೊತ್ತು ತರುತ್ತಿದ್ದ, ಆದರೆ ಒದ್ದೆ ಮರಳು ಶುರುವಾಗುವ ಗೆರೆಗೆ ಬಂದು ನಿಂತುಬಿಡುತ್ತಿದ್ದ. ಅಕ್ಕ ಕೇಳಿದರೆ 'ನಾನು ಮುಟ್ಟಿಲ್ಲ' ಅನ್ನಬೇಕಲ್ಲ.

"ವ್ಯಾನ್ ತಿರುಗಿಸು ತಿರುಮಲಾ," ಎಂದರು ಶಾರದಮ್ಮ. "ಪೂಜೆ ಮನೇಲಿ ಮಾಡು. ಅಮಾವಾಸ್ಯೆಗೆ ಟ್ರೈನಲ್ಲಿ ಸೇತುಗೆ ಹೋಗೋಣ. ನಾನೂ ಬರ್ತೀನಿ."

ಜಯಲಕ್ಷ್ಮಿಗೆ ಗೊತ್ತಿತ್ತು, ಇವತ್ತು ತಿರುಗಿದ ವ್ಯಾನು ಇನ್ನು ಈ ಜನ್ಮದಲ್ಲಿ ಹೊರಡುವುದಿಲ್ಲ. ನಾಲ್ಕು ವರ್ಷಕ್ಕೆ ತಾಯಿ ಸತ್ತವನಿಗೆ ತುತ್ತಿಟ್ಟು ಬೆಳೆಸಿದವರು ಈ ಅಕ್ಕ. ಅವರ ಮಾತಿಗೆ ತಿರುಮಲ ಎಂದೂ ಇಲ್ಲ ಎಂದವನಲ್ಲ. ಈಗಲೂ ಅವನು ವ್ಯಾನಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಮರಳು ನೋಡುತ್ತಿದ್ದ.

"ಅಕ್ಕಾ, ಹೆಂಗಸರು ಸಾಲಿಗ್ರಾಮ ಮುಟ್ಟಬಾರದು ಅಂತಾನೂ ನೀವೇ ಹೇಳಿದ್ದು," ಎಂದಳು ಜಯಲಕ್ಷ್ಮಿ.

"ನಾನೆಲ್ಲಿ ಮುಟ್ಟಿದೆ? ಬುಟ್ಟಿ ಹಿಡ್ಕೊಂಡೆ."

"ನಾನೂ ಹಲಗೆ ಮೇಲೆ ನಿಂತ್ಕೋತೀನಿ, ಅಷ್ಟೆ."

ಅಲ್ಲಿಗೇ ಬಿಟ್ಟಿದ್ದರೆ ಜಾಣತನದಲ್ಲಿ ಗೆದ್ದಂತಾಗುತ್ತಿತ್ತು. ಆದರೆ ಜಯಲಕ್ಷ್ಮಿಗೆ ಜಾಣತನವೇ ಸಾಕಾಗಿಹೋಗಿತ್ತು, ಹಲ್ಲಿನ ಡಾಕ್ಟರೂ ಸಾಕಾಗಿದ್ದ.

"ಇಲ್ಲ ಅಕ್ಕಾ, ಅದೂ ಸುಳ್ಳು. ದಿನಕ್ಕೆ ಹತ್ತು ಸಲ ಬೀಳ್ತೀನಿ. ಉಪ್ಪುನೀರು ಕುಡೀತೀನಿ. ಅಷ್ಟಮಿ, ನವಮಿ, ಎಲ್ಲಾ ದಿನಾನೂ ಮುಟ್ಟಿದೀನಿ. ಇನ್ನೂ ಮುಟ್ತೀನಿ, ರಾಮೇಶ್ವರದ ತನಕ. ಇವರು ವ್ಯಾನ್ ತಿರುಗಿಸಿದ್ರೆ ಬಸ್ಸಲ್ಲಿ ಹೋಗ್ತೀನಿ."

"ಈ ಹಲಗೆನ ಯಾವ ಬಸ್ಸಲ್ಲೇ ಏರಿಸ್ಕೊಳ್ತಾರೆ?"

"ಏರಿಸದಿದ್ರೆ ತಲೆ ಮೇಲೆ ಹೊರ್ತೀನಿ!"

ಕಲಿಸುವ ಹುಡುಗಿ ಮಧುರಾ ದೂರದಿಂದ ಕೈ ಬೀಸಿ ಕೂಗಿದಳು. "ಆಂಟೀ, ಕಾತ್ತು ವಂದಾಚ್ಚು!" ನಿಜಕ್ಕೂ ಗಾಳಿ ಬಂದಿತ್ತು. ಮರಳ ಮೇಲೆ ಬಿದ್ದಿದ್ದ ಹಾಯಿ ಪಟಪಟ ಹೊಡೆದುಕೊಳ್ಳತೊಡಗಿತು.

ಜಯಲಕ್ಷ್ಮಿ ಗಂಡನ ಮುಖ ನೋಡಲಿಲ್ಲ. ನೋಡಿದರೆ ಕೇಳಿಕೊಂಡಂತಾಗುತ್ತದೆ. ಹಾಯಿಯ ಕಂಬವನ್ನು ಹಲಗೆಗೆ ಸಿಕ್ಕಿಸಿ, ಅದರ ಮೂತಿ ಎತ್ತಿ ಒಬ್ಬಳೇ ದರದರ ಎಳೆದಳು. ಒದ್ದೆ ಮರಳಿನ ಗೆರೆ ದಾಟಿತು, ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ದಡದ ಅಲೆ ಹಲಗೆಯನ್ನು ಅಡ್ಡ ತಿರುಗಿಸಿ ಅವಳ ಪಕ್ಕೆಗೆ ಗುದ್ದಿತು. ಎರಡನೆಯ ಅಲೆಗೆ ಬಿದ್ದಳು, ಎದ್ದಳು, ಮತ್ತೆ ಹಿಡಿದಳು. ಒಬ್ಬಳಿಂದ ಆಗದ ಕೆಲಸ ಎಂದು ಗೊತ್ತಿದ್ದೂ ಕೈ ಬಿಡಲಿಲ್ಲ. ಮೂರನೆಯ ಅಲೆ ಬಂದಾಗ ಮಾತ್ರ ಹಲಗೆ ಅಲುಗಲಿಲ್ಲ.

ಅದರ ಬಾಲವನ್ನು ತಿರುಮಲ ಹಿಡಿದಿದ್ದ. ಸೊಂಟದವರೆಗೆ ನೀರು, ಪಂಚೆ ಸುತ್ತಲೂ ತೇಲುತ್ತಿತ್ತು, ಕನ್ನಡಕದ ಮೇಲೆಲ್ಲ ಹನಿ.

"ತಿರುಮಲಾ! ಪೂಜೆ ಆಗಿಲ್ಲ ಕಣೋ!" ದಡದಿಂದ ಶಾರದಮ್ಮನ ಕೂಗು.

ಅವನು ತಿರುಗಿ ನೋಡದೆಯೇ ಕೂಗಿದ. ಅಕ್ಕನೆದುರು ಅವನ ದನಿ ಅಷ್ಟು ಏರಿದ್ದನ್ನು ಜಯಲಕ್ಷ್ಮಿ ಎಂದೂ ಕೇಳಿರಲಿಲ್ಲ. "ದೇವರು ಇನ್ನೊಂದು ಗಂಟೆ ಬಿಟ್ಟರೂ ಇರ್ತಾನೆ ಅಕ್ಕಾ! ಗಾಳಿ ಇರಲ್ಲ!" ಆಮೇಲೆ ಹೆಂಡತಿಗೆ ಮೆಲ್ಲಗೆ, "ಹತ್ತು. ಬೇಗ ಹತ್ತು. ನನಗೆ ಈಜು ಬರಲ್ಲ."

ಅವಳು ಹತ್ತಿದಳು. ಹಗ್ಗ ಎಳೆದಾಗ ಹಾಯಿ ನೀರು ಸುರಿಸುತ್ತ ಮೇಲೆದ್ದಿತು, ಗಾಳಿ ತುಂಬಿತು, ಹಲಗೆ ಸರ್ರನೆ ಹೊರಟಿತು. ಸಂತೋಷಕ್ಕೆ ಅವಳು ಕಿರುಚಿದ್ದು ಅವಳಿಗೇ ಕೇಳಿಸಿತು.

ಸ್ವಲ್ಪ ದೂರ ಹೋಗಿ ಒಮ್ಮೆ ತಿರುಗಿ ನೋಡಿದಳು. ತಿರುಮಲ ಬಿಟ್ಟ ಜಾಗದಲ್ಲೇ ಕೈ ಚಾಚಿಕೊಂಡು ನಿಂತಿದ್ದ. ಅವನು ಗೆರೆಯ ಹತ್ತಿರ ಕಳಚಿಟ್ಟ ಚಪ್ಪಲಿಗಳನ್ನು ಒಂದು ಅಲೆ ಆಗಲೇ ಎತ್ತಿಕೊಂಡಿತ್ತು. ಶಾರದಮ್ಮ ಒಣ ಮರಳಿನಲ್ಲೇ ಕಾಲೂರಿ, ಬಗ್ಗಿ, ಕೊಡೆಯ ಹಿಡಿಕೆಯಿಂದ ಒಂದನ್ನು ಎಳೆದುಕೊಂಡರು. ಇನ್ನೊಂದು ಚಪ್ಪಲಿ ಕೊಡೆಗೆ ಎಟುಕಲಿಲ್ಲ. ಅವರು ಒಮ್ಮೆ ಎಡಕ್ಕೆ ನೋಡಿದರು, ಒಮ್ಮೆ ಬಲಕ್ಕೆ ನೋಡಿದರು, ಸೀರೆಯ ನೆರಿಗೆ ಮೇಲೆತ್ತಿ ಹಿಡಿದರು.