ಇಪ್ಪತ್ತು ಅಂದೆ

ನಮ್ಮ ವೈಮೇಯ ಕೊಲ್ಲಿಯಲ್ಲಿ, ಬೋರ್ಡಿನ ಮೇಲೆ ನಿಂತು ಅಲೆ ಸವಾರಿ ಮಾಡುವವರ ನಡುವೆ, ಅಲೆಯನ್ನು ದೊಡ್ಡದು ಎನ್ನುವವನಿಗೆ ಮರ್ಯಾದೆಯಿಲ್ಲ. ಹೊರಗಿನವರು ಅಲೆಯ ಮುಖ ಅಳೆಯುತ್ತಾರೆ, ನಾವು ಬೆನ್ನು ಅಳೆಯುತ್ತೇವೆ. ಅವರ ನಲವತ್ತು ಅಡಿ ನಮಗೆ ಇಪ್ಪತ್ತು. ಅದರಲ್ಲೂ ಒಂದೆರಡು ಕಡಿಮೆ ಹೇಳಿದರೇ ನಮಗೆ ಸಮಾಧಾನ. ನಾನು ಇಲ್ಲಿ ಜೀವರಕ್ಷಕಿಯಾಗಿದ್ದವಳು. ಕೆಲಸ ಬಿಟ್ಟ ಮೇಲೂ ಜನ ಬೆಳಿಗ್ಗೆ ನನ್ನನ್ನೇ ಕೇಳುತ್ತಾರೆ, "ಮೀಲೆ ಆಂಟಿ, ಇವತ್ತು ಎಷ್ಟು?" ನಾನು ಹೇಳಿದ್ದೇ ಲೆಕ್ಕ.

ಆ ಬೆಳಿಗ್ಗೆ ಹದಿನೈದು ಇತ್ತು. ಅಲೆ ವಾಯವ್ಯದಿಂದ ಬರುತ್ತಿತ್ತು, ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತಿತ್ತು. ಇಂಥ ದಿನ ಕಂಡರೆ ಖುಷಿಯಾಗಬೇಕು. ನನಗೆ ಆಗಲಿಲ್ಲ. ಯಾಕೆಂದರೆ ನನ್ನ ಮಗಳು ಕಾವೇನಾ ಪಕ್ಕದಲ್ಲೇ ಕೂತು ಬೋರ್ಡಿಗೆ ಮೇಣ ಉಜ್ಜುತ್ತಿದ್ದಳು. ಹೋದ ಚಳಿಗಾಲ ಇದೇ ಕೊಲ್ಲಿ ಅವಳ ಭುಜ ಮುರಿದು, ನೀರಿನಡಿ ಒತ್ತಿ ಹಿಡಿದಿತ್ತು. ಎಳೆದು ತಂದವಳು ನಾನೇ. ಅವಳ ತುಟಿ ನೀಲಿಯಾಗಿದ್ದನ್ನು ನೋಡಿದವಳೂ ನಾನೇ.

"ಅಮ್ಮಾ, ಎಷ್ಟು?" ತಲೆ ಎತ್ತದೆ ಕೇಳಿದಳು.

ಹೆದರಿಸಿ ಕೂರಿಸೋಣ ಎಂದುಕೊಂಡೆ. "ಇಪ್ಪತ್ತು," ಅಂದೆ.

ನನ್ನ ಜೊತೆ ಕೆಲಸ ಮಾಡಿದ್ದ ಮುದುಕ ಪಾಲಾನಿ ಮಾಂಸವಿಟ್ಟ ಅನ್ನದ ಮುಸುಬಿ ತಿನ್ನುತ್ತಿದ್ದ. ಅನ್ನದ ತುಂಡು ಬಾಯಿಯ ಹತ್ತಿರವೇ ನಿಂತಿತು.

"ಏನಂದೆ? ನಿನ್ನ ಬಾಯಲ್ಲಿ ಇಪ್ಪತ್ತಾ?" ಎಂದವನೇ ಹುಡುಗರ ಕಡೆ ತಿರುಗಿ ಅರಚಿದ, "ಏಯ್, ಎದ್ದೇಳ್ರೋ! ಮೀಲೆ ಇಪ್ಪತ್ತು ಅಂತಿದಾಳೆ! ಅವಳ ಇಪ್ಪತ್ತು ಅಂದ್ರೆ ಇಪ್ಪತ್ತೈದು ಕಣ್ರೋ!"

ಥೂ, ನನ್ನ ಬುದ್ಧಿಗಿಷ್ಟು! ಆ ಒಂದು ಮಾತಿಗಾಗಿಯೇ ಇಲ್ಲಿ ಜನ ವರ್ಷವಿಡೀ ಕಾಯುತ್ತಾರೆ. ಅದನ್ನೇ ಹೇಳಿ ಯಾರನ್ನು ಕೂರಿಸಲಿ? ಎಲ್ಲರೂ ಬೋರ್ಡು ಎತ್ತಿಕೊಂಡು ನೀರಿಗೆ ಓಡಿದರು. ಕಾವೇನಾ ಎಲ್ಲರಿಗಿಂತ ಮುಂದೆ.

"ಲೇ, ನಿಲ್ಲೇ! ಸುಳ್ಳು ಹೇಳಿದೆ ಕಣೇ, ಹದಿನೈದೇ ಇರೋದು!"

ತಿರುಗಿ ನಕ್ಕಳು. "ಈಗ ಕಡಿಮೆ ಮಾಡ್ತಿದೀಯಾ? ನಿನ್ನ ಬುದ್ಧಿ ಗೊತ್ತಿಲ್ವಾ ನಂಗೆ! ಭುಜ ವಾಸಿ ಆಯ್ತಮ್ಮಾ. ಭಯ ಇನ್ನೂ ವಾಸಿ ಆಗಿಲ್ಲ. ಅದು ಅಲ್ಲಿಗೆ ಹೋದ್ರೇನೇ ಆಗೋದು."

ಪಾಲಾನಿಯ ಬೋರ್ಡು ಕಿತ್ತುಕೊಂಡೆ.

"ಅಯ್ಯೋ, ನಿನ್ನ ವಯಸ್ಸೇನು, ನೀನು ಮಾಡೋದೇನು!"

"ಬಾಯ್ಮುಚ್ಕೊಂಡು ತಿನ್ನು."

ದಡದ ನೊರೆ ನನ್ನನ್ನು ಎತ್ತಿ ಮರಳಿಗೆ ಎಸೆಯಿತು. ಎದ್ದು ಮತ್ತೆ ನುಗ್ಗಿದೆ, ಮತ್ತೆ ಎಸೆಯಿತು. ಹಲ್ಲು ಕಚ್ಚಿ ದಾಟಿಯೇಬಿಟ್ಟೆ. ಅಲೆ ಒಡೆಯದ ಆಳದ ದಾರಿ ಹಿಡಿದು, ತೋಳು ಸೋತರೂ ಬಿಡದೆ, ಅವಳಿಗೆ ಕೂಗು ಕೇಳಿಸುವಷ್ಟು ಹತ್ತಿರ ಹೋದೆ.

ಅಷ್ಟರಲ್ಲಿ ದೂರದ ಕಡಲಂಚು ಕಪ್ಪಾಯಿತು. ಎದ್ದು ಬರುತ್ತಿದ್ದ ಅಲೆ ನಿಜಕ್ಕೂ ಇಪ್ಪತ್ತಿತ್ತು. ಅದನ್ನು ಹಿಡಿಯುವ ಜಾಗದಲ್ಲಿದ್ದವಳು ಕಾವೇನಾ ಒಬ್ಬಳೇ. ಬೋರ್ಡನ್ನು ದಡದ ಕಡೆ ತಿರುಗಿಸಿ ಕೈಯಿಂದ ನೀರು ಎಳೆಯತೊಡಗಿದವಳು ನನ್ನನ್ನು ಕಂಡು ಹಿಂಜರಿದಳು. ವೈಮೇಯದಲ್ಲಿ ಅಲೆ ಹಿಡಿದು ಹೋದವರು ಬದುಕುತ್ತಾರೆ, ಹೋಗದೆ ಉಳಿದವರೂ ಬದುಕುತ್ತಾರೆ. ನಾನು ನೀರಿನಿಂದ ಎತ್ತಿದ್ದೆಲ್ಲ ಹೋಗಲೋ ಬೇಡವೋ ಎಂದವರನ್ನು.

ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ, "ನನ್ನ ನೋಡ್ಬೇಡ ಕಣೇ! ಹೋಗು! ಹೋಗೇ!"

ಮುಖ ತಿರುಗಿಸಿ ಹೋದಳು. ಎದ್ದು ನಿಂತದ್ದು ಕಂಡಿತು, ಆಮೇಲೆ ಬರೀ ನೊರೆ. ಅತ್ತ ಆಳದ ನೀರಿನಲ್ಲಿ ಅವಳ ತಲೆ ಕಾಣುವವರೆಗೆ ನಾನು ಉಸಿರಾಡಲಿಲ್ಲ. ಮೇಲೆ ಬಂದವಳೇ ಬೋರ್ಡಿನ ಮೇಲೆ ಮಲಗಿ ಕೈಯಿಂದ ನೀರು ಎಳೆಯುತ್ತ ಮತ್ತೆ ಕಡಲಿನ ಕಡೆ ಹೊರಟಳು. ನಾನೂ ಅವಳ ಹಿಂದೆ ಹೋದೆ.