ಬಲೆಗೆ ಬಳಿದ ಬಣ್ಣ

ನಾನು ಒಂದು ಜೀನ್. ಮೀನಿನ ಯಕೃತ್ತಿನಲ್ಲಿ ಕೂತು ವಿಷ ಮುರಿಯುವ ಕಿಣ್ವ ಮಾಡಿಸುವುದು ನನ್ನ ಕಸುಬು. ಯಾವ ಕಾಲದಲ್ಲಿ ಹುಟ್ಟಿದೆನೋ, ನನಗೇ ನೆನಪಿಲ್ಲ. ಕಡಲಿನ ಬಂಗುಡೆಯಲ್ಲೂ ಇದ್ದೇನೆ, ಕೆರೆಯ ಕಾಟ್ಲಾದಲ್ಲೂ ಇದ್ದೇನೆ. ರೂಪ ತುಸು ಬೇರೆ, ಕೆಲಸ ಒಂದೇ. ಉಪ್ಪುನೀರಿನವರು, ಸಿಹಿನೀರಿನವರು ಎಂಬ ಜಂಬವೆಲ್ಲ ಮೀನುಗಳದ್ದು.

ಈ ಸಲ ಮೊಟ್ಟೆಯ ಮೂಲಕ ಕುರುಡಿ ಎಂಬ ಜಾತಿಯ ಮೀನೊಂದರ ಪಾಲಿಗೆ ಬಂದೆ. ಕಡಲಲ್ಲೂ ಹೊಳೆಯಲ್ಲೂ ಬದುಕುವ ಗಟ್ಟಿ ಮೀನು. ಮರಿಯಿದ್ದಾಗಲೇ ಅದು ಕುಂದಾಪುರದ ಕಡೆಯ ಅಳಿವೆಯಲ್ಲಿ ಸೋಮ ಖಾರ್ವಿ ಮತ್ತು ಅವನ ಹೆಂಡತಿ ಗುಲಾಬಿ ತೇಲಿಬಿಟ್ಟಿದ್ದ ಬಲೆಯ ಪಂಜರ ಸೇರಿತು. ಗುಲಾಬಿ ದಿನವೂ ಬೈಗೆ ಎಂಬ ಸಣ್ಣ ಮೀನು ಕತ್ತರಿಸಿ ಹಾಕಿ ಸಾಕಿದಳು. ಅವರ ಆ ವರ್ಷದ ಅನ್ನವೆಲ್ಲ ಆ ಪಂಜರದಲ್ಲಿತ್ತು.

ಬಲೆಗೆ ಚಿಪ್ಪು ಅಂಟಿ ಹರಿಯತೊಡಗಿತೆಂದು ಸೋಮ ಹೊಸ ಬಲೆ ತಂದ. ಹುಟ್ಟಿದಾಗಿನಿಂದ ದೋಣಿ ಕಂಡವನು. ಚಿಪ್ಪು ಹಿಡಿಯದಂತೆ ದೋಣಿಯ ತಳಕ್ಕೆ ಬಳಿಯುವ ಬಣ್ಣವನ್ನೇ ಬಲೆಗೂ ಬಳಿದ. ಸರಿಯಾಗಿ ಒಣಗುವ ಮೊದಲೇ ಅದನ್ನು ಇಳಿಬಿಟ್ಟು ನಮ್ಮನ್ನು ದಾಟಿಸಿದ.

ಇಳಿತ ಮುಗಿದು ನೀರು ಅಲುಗಾಡದೆ ನಿಂತಿತ್ತು. ಮೊದಲ ಗುಟುಕಿಗೇ ನನಗೆ ಗೊತ್ತಾಯಿತು. ಕಿವಿರಿನಿಂದ ವಿಷ ನುಗ್ಗಿತು. ನಾನು ಕಿಣ್ವ ಮಾಡಿಸಿದೆ, ಇನ್ನಷ್ಟು ಮಾಡಿಸಿದೆ. ಮುರಿದಷ್ಟೂ ಬರುತ್ತಲೇ ಇತ್ತು. ಪಕ್ಕದ ಮೀನೊಂದು ಹೊಟ್ಟೆ ಮೇಲಾಗಿ ತೇಲಿತು. ಅದರೊಳಗೂ ನಾನಿದ್ದೆ, ಅಲ್ಲಿ ಸೋತಿದ್ದೆ. ನನಗೆ ಹೆದರಿಕೆಯಾಯಿತು.

"ಮೀನೆಲ್ಲ ಮೇಲ್ ಬಂದ್ ಬಾಯ್ ಬಿಡ್ತಾ ಇತ್ತ್, ಕಾಣಿ! ಬಲೆಗೆ ಎಂತ ಬಳ್ದ್ರಿ?" ಗುಲಾಬಿ ಕೂಗಿದಳು.

"ದೋಣಿ ಬಣ್ಣ. ಚಿಪ್ಪ್ ಹಿಡಿಬಾರ್ದ್ ಅಂದೇಳಿ..."

"ದೋಣಿ ಉಸ್ರಾಡತ್ತಾ ಮಾರಾಯ್ರೆ?"

ಸೋಮ ದಡದತ್ತ ತಿರುಗಿದ. ಹಳೆಯ ಬಲೆ ದಡದಲ್ಲಿ ತುಂಡಾಗಿ ಬಿದ್ದಿತ್ತು. "ಹಾಂಗಾರೆ ಈಗ್ಲೇ ಎತ್ತಿ ಮಾರುವ," ಎಂದ.

"ತಿಂದವ್ರ್ ಗತಿ ಎಂತ?"

ಇನ್ನು ನನ್ನಿಂದಾಗದು ಎಂದು ಅವರಿಗೆ ಹೇಗೆ ಹೇಳಲಿ? ಹೇಳಬೇಕಾಗಲಿಲ್ಲ. ಗುಲಾಬಿ ಬೈಗೆ ಕತ್ತರಿಸುವ ಕತ್ತಿಯಿಂದಲೇ ಬಲೆ ಹರಿದಳು. "ಎಲ್ಲಾರು ಹೋಯಿ ಬದ್ಕಲಿ," ಎಂದು ಅತ್ತಳು.

ಉಸಿರಿದ್ದವರು ಹೊರಬಿದ್ದೆವು. ನನ್ನ ಮೀನು ಅಲ್ಲೇ ಸ್ವಲ್ಪ ದೂರದಲ್ಲಿ ಸುಧಾರಿಸಿಕೊಂಡಿತು. ಸೋಮ ತಲೆ ಸುತ್ತಿ ಪಂಜರದ ಅಂಚಿಗೆ ಕುಸಿದಿದ್ದ. ಬೆಳಗಿನಿಂದ ಬರಿಗೈಯಲ್ಲಿ ಬಳಿದವನು, ಮೊಣಕೈವರೆಗೂ ಬಣ್ಣ. ಗುಲಾಬಿ ಬೈಯುತ್ತಲೇ ಅವನ ಕೈ ಎಳೆದುಕೊಂಡು ಉಜ್ಜಿ ಉಜ್ಜಿ ತೊಳೆದಳು.

ಈಗ ನನ್ನ ಕುರುಡಿಗೆ ವಯಸ್ಸಾಗಿದೆ. ಕಡಲ ಬಾಯಲ್ಲಿ ಮೊಟ್ಟೆಯಿಟ್ಟಿದೆ, ನಾನು ಅವುಗಳಿಗೆ ದಾಟಿದ್ದೇನೆ. ಸೋಮನ ಯಕೃತ್ತಿನಲ್ಲೂ ನನ್ನ ದೂರದ ದಾಯಾದಿಯೊಬ್ಬ ಇದ್ದಾನೆ. ಆ ದಿನ ಅವನೂ ನನ್ನಂತೆಯೇ ಏದುಸಿರು ಬಿಟ್ಟು ದುಡಿದಿರಬೇಕು. ನಾವು ಎಷ್ಟೇ ಮುರಿದರೂ, ಹೊರಗೆ ಯಾರಾದರೂ ಬಲೆ ಹರಿಯಲೇಬೇಕು.